ಅಪ್ಪನಿಗೆ ಹೇಳು

ಮೊನ್ನೆ ಬೆಳಿಗ್ಗೆ ನಮ್ಮ ಯಜಮಾನರು ಜಗಲಿಯಿಂದಲೇ ಮಗಳಿಗೆ, "ಅಮ್ಮನಿಗೆ ಹೇಳು, ಚಾ ತಣಿದು ಹೋಗಿದೆ ಅಂತ" ಎಂದರು. ಹಿಂದಿನ ದಿನ ನಮ್ಮಿಬ್ಬರಿಗೆ ಸಣ್ಣದೊಂದು ಜಗಳವಾಗಿತ್ತು. ಕಾರಣ ನಿಮಗೆ ಬೇಡ ಬಿಡಿ. ಮಗಳು ಕುಣಿಯುತ್ತ ಒಳಗೆ ಬಂದು ಮಾತನ್ನು ಒಪ್ಪಿಸಿದಳು. ನನ್ನ ಕೈಯ ಸೌಟು ಅಲ್ಲೇ ನಿಂತಿತು.

ನಮ್ಮ ಕಡೆಯ ಹಳೆಯ ಮರ್ಯಾದೆ ನಿಮಗೆ ಗೊತ್ತುಂಟಲ್ಲ? ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ, ನಾಲ್ಕು ಜನರೆದುರು ನೇರ ಮಾತೂ ಇಲ್ಲ. ಮಕ್ಕಳಿರುವುದು ಮತ್ತೆ ಎಂತಕ್ಕೆ? "ಅಪ್ಪನಿಗೆ ಹೇಳು, ಊಟಕ್ಕೆ ಬರಲಿ." "ಅಮ್ಮನಿಗೆ ಹೇಳು, ಇವತ್ತು ತಡವಾಗ್ತದೆ." ಬದಿಯಡ್ಕದ ನನ್ನ ತವರುಮನೆಯಲ್ಲಿ ಈ ಟಪ್ಪಾಲಿನ ಕೆಲಸ ನನ್ನದಾಗಿತ್ತು. ನಾನೋ ಹುಟ್ಟಾ ವಾಚಾಳಿ, ಒಂದು ಮಾತು ಕೊಟ್ಟರೆ ಎರಡು ಸೇರಿಸಿ ಮುಟ್ಟಿಸುತ್ತಿದ್ದೆ.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಒಂದು ಆದಿತ್ಯವಾರ ಅಮ್ಮ ಬಟ್ಟೆ ಒಗೆಯಲು ಹೊರಟವಳು, "ಅಪ್ಪನಿಗೆ ಹೇಳು, ಪುಟ್ಟನನ್ನು ನೋಡಿಕೊಳ್ಳಲಿ" ಎಂದಳು. ಪುಟ್ಟ ನನ್ನ ತಮ್ಮ, ತಡವಾಗಿ ಹುಟ್ಟಿದವ, ನಾಲ್ಕು ವರ್ಷ. ಹೇಳಿದೆ. ಅಪ್ಪ ಶಾಲೆಯಲ್ಲಿ ಮಾಷ್ಟ್ರು. ಆರಾಮಕುರ್ಚಿಯಲ್ಲಿ ಕಣ್ಣು ಮುಚ್ಚಿಕೊಂಡೇ "ಹ್ಞೂಂ" ಎಂದರು. ನಾನು ಟ್ಯೂಷನ್ನಿಗೆ ಹೋದೆ. ತಿರುಗಿ ಬರುವಾಗ ಮನೆಯ ಹಿಂದೆ, ಕೆಂಪುಕಲ್ಲು ಕಡಿದು ಬಿಟ್ಟ ಹೊಂಡದ ಸುತ್ತ ಜನ. ಹೊಂಡದ ತುಂಬ ಮಳೆನೀರು.

ಪುಟ್ಟನನ್ನು ಅಂಗಳದಲ್ಲಿ ಮಲಗಿಸಿದ್ದರು. ಅಪ್ಪ ಹೇಳಿದ್ದು ಒಂದೇ ಮಾತು: "ನನಗೆ ಯಾರೂ ಹೇಳಲಿಲ್ಲ."

ಅಮ್ಮ ನನ್ನ ಮುಖ ನೋಡಿದಳು. "ಹೇಳಿದ್ದೆ ಅಮ್ಮಾ" ಎಂದೆ. ಆ ರೋದನದಲ್ಲಿ ಯಾರಿಗೆ ಕೇಳಿಸಬೇಕು! ದಿನ ಹೋದ ಹಾಗೆ ನನಗೇ ಸಂಶಯ ಹತ್ತಿತು. ಮೆಲ್ಲಗೆ ಹೇಳಿದೆನೋ? ಆ ಹ್ಞೂಂ ಬರೀ ಗೊರಕೆಯೋ? ಒಂದು ದಿನ ಸ್ವರವೇ ಹೋಯಿತು. ತುಟಿ ಆಡುತ್ತದೆ, ಬರುವುದು ಗಾಳಿ. ಟಪ್ಪಾಲು ಮಾತ್ರ ನಿಲ್ಲಲಿಲ್ಲ, ಪಿಸುಗುಟ್ಟಿಯೇ ಮುಟ್ಟಿಸಿದೆ. ಅಪ್ಪ ಅಮ್ಮನ ನಡುವೆ ಮಾತೇ ಸತ್ತುಹೋಗಿದೆ ಎಂದು ಯಾರಿಗೂ ತಿಳಿಯಲಿಲ್ಲ. "ಇಂಥ ದುಃಖದಲ್ಲೂ ಎಂಥ ಮರ್ಯಾದೆ!" ಎಂದು ನೆಂಟರು ಹೊಗಳಿ ಹೋದರು.

ಡಾಕ್ಟ್ರು ಟಾರ್ಚು ಹಾಕಿ ನೋಡಿ, ಗಂಟಲಲ್ಲಿ ಎಂತದೂ ಇಲ್ಲವೆಂದು ಲಿಲ್ಲಿಬಾಯಿ ಸಿಸ್ಟರ ಹತ್ತಿರ ಕಳಿಸಿದರು. ಕೊಂಕಣಿ ಕ್ರಿಸ್ತಾನ ಹೆಂಗಸು, ಮಂಗಳೂರಲ್ಲಿ ಮನೋರೋಗಿಗಳ ವಾರ್ಡಿನಲ್ಲಿ ವರ್ಷಗಟ್ಟಲೆ ನರ್ಸಾಗಿದ್ದು ಊರಿಗೆ ಬಂದವರು. ಸೂಜಿ ಇಲ್ಲ, ಮಾತ್ರೆ ಇಲ್ಲ, ಬರೀ ಮಾತಾಡಿಸುವುದು. "ಮಾತೇ ಬಾರದವಳಿಗೆ ಮಾತಿನ ಮದ್ದಂತೆ!" ಎಂದು ಅಮ್ಮ ಗೊಣಗಿದಳು. ಕೆಲವು ವಾರ ನಾನೊಬ್ಬಳೇ ಹೋಗಿ ಸಿಸ್ಟರಿಗೆ ಎಲ್ಲವನ್ನೂ ಪಿಸುಗುಟ್ಟಿದೆ. ಆಮೇಲೆ ಅವರು ಅಪ್ಪ ಅಮ್ಮನನ್ನೂ ಕರೆಸಿದರು.

ಅಮ್ಮ ಕುಳಿತವಳೇ ರೂಢಿಯಂತೆ ನನ್ನ ಕಡೆ ತಿರುಗಿ, "ಅಪ್ಪನಿಗೆ ಕೇಳು..." ಎಂದು ಶುರುಮಾಡಿದಳು.

"ಅಕ್ಕಾ, ಹುಡುಗಿಯನ್ನು ಬಿಡಿ" ಎಂದರು ಸಿಸ್ಟರ್. "ಮಾಷ್ಟ್ರು ಇಲ್ಲೇ ಇದ್ದಾರಲ್ಲ. ಅವರ ಮುಖ ನೋಡಿ ನೀವೇ ಕೇಳಿ."

ಹೊರಗೆ ಜೀಪಿನವ "ಎಡನೀರು, ಎಡನೀರು" ಎಂದು ಊರಿನ ಹೆಸರು ಕೂಗಿ ಜನ ಹತ್ತಿಸುತ್ತಿದ್ದ. ಜೀಪು ಹೋಯಿತು. ಅಮ್ಮ ಅಪ್ಪನ ಕಡೆ ತಿರುಗಿದಳು.

"ಇವಳು ಅವತ್ತು ನಿಮಗೆ ಹೇಳಿದ್ದಳಾ, ಇಲ್ವಾ?"

ಅಪ್ಪ ಕೊಡೆಯ ಹಿಡಿಯನ್ನು ತಿರುಗಿಸುತ್ತ ಕುಳಿತರು. "ಹೇಳಿದ್ದಳು. ಕೇಳಿಸಿತ್ತು. ಸ್ವಲ್ಪ ಹೊತ್ತು ಅಂತ ಕಣ್ಣು ಮುಚ್ಚಿದೆ."

"ಮಗನನ್ನು ಕಳೆದದ್ದು ಸಾಲದೆ ಮಗಳ ಬಾಯನ್ನೂ ಹೊಲಿದಿರಲ್ಲ!" ಅಮ್ಮ ಕಿರುಚಿದಳು. ಅಪ್ಪ ಕೊಡೆಯ ಮೇಲೆ ಹಣೆಯಿಟ್ಟು ಅತ್ತರು. ಸಿಸ್ಟರ್ ಇಬ್ಬರನ್ನೂ ತಡೆಯಲಿಲ್ಲ. ನಾನು "ಅಮ್ಮಾ" ಎಂದೆ. ಸ್ವರ ಬಂದಿತ್ತು. ಅದನ್ನು ಕೇಳಿ ನನಗೇ ಹೆದರಿಕೆಯಾಯಿತು.

ಮತ್ತೆ ಎಲ್ಲ ಸರಿಹೋಯಿತು ಎಂದರೆ ಸುಳ್ಳಾದೀತು. ಅಮ್ಮ ಸಾಯುವವರೆಗೂ ಅಪ್ಪನನ್ನು ಕ್ಷಮಿಸಲಿಲ್ಲ. ಆದರೆ ಬೈಯುವುದನ್ನು ಅವರ ಮುಖಕ್ಕೇ ಬೈದಳು, ನನ್ನ ಕೈಯಲ್ಲಿ ಮತ್ತೆಂದೂ ಕಳಿಸಲಿಲ್ಲ.

ಮೊನ್ನೆ ಸೌಟು ಕೆಳಗಿಟ್ಟು, ಮಗಳ ತಲೆ ಸವರಿ, "ನೀನು ಹೋಗಿ ಆಡು" ಎಂದೆ. ಜಗಲಿಗೆ ಹೋಗಿ ಯಜಮಾನರ ಎದುರು ಕುಳಿತೆ. "ಚಾ ತಣಿದರೆ ನನಗೇ ಹೇಳಿ. ಬೈಯುವುದಿದ್ದರೂ ನನಗೇ ಬೈಯಿರಿ."

"ಒಂದು ಚಾಕ್ಕೆ ಇಷ್ಟೆಲ್ಲ ಎಂತದು ಮಾರಾಯ್ತಿ?" ಎಂದರು.

ನನಗೊಬ್ಬ ತಮ್ಮನಿದ್ದ ಎಂದು ಅವರಿಗೆ ಗೊತ್ತು. ಹೇಗೆ ಹೋದ ಎಂದು ನಾನು ಯಾವತ್ತೂ ಹೇಳಿರಲಿಲ್ಲ. ಅವತ್ತು ಹೇಳಿದೆ, ಗಟ್ಟಿಯಾಗಿ.