ಚಿತ್ತಮ್ಮನ ಬಲಗಣ್ಣು

ಶೆಟ್ಟಿಕೆರೆ ಹತ್ತಿರದ ಹಟ್ಟಿಯ ಚಿತ್ತಮ್ಮನಿಗೆ ಅರವತ್ತೆರಡು ವರ್ಷ. ಅಟ್ಟದ ಮೇಲೆ ವರ್ಷವಿಡೀ ಒಣಗಿದ ತೆಂಗಿನಕಾಯಿಯ ಚಿಪ್ಪು ಒಡೆದು, ಒಳಗಿನ ಕೊಬ್ಬರಿಯನ್ನು ಉಂಡೆಯಾಗಿಯೇ ಹೊರತೆಗೆಯುವುದು ಆಕೆಯ ಕೆಲಸ. ಮಚ್ಚಿನ ಏಟು ಸ್ವಲ್ಪ ಆಳಕ್ಕೆ ಹೋದರೂ ಕೊಬ್ಬರಿಗೆ ಗಾಯ. ಚಿತ್ತಮ್ಮನ ರಾಶಿಯಲ್ಲಿ ಅಂಥದ್ದು ಸಿಗುತ್ತಿರಲಿಲ್ಲ.

ಮೂರು ವರ್ಷದ ಹಿಂದೆ ಬಲಗಣ್ಣಿನ ಪೊರೆ ತೆಗೆಸಿ ಲೆನ್ಸ್ ಹಾಕಿಸಿಕೊಂಡಿದ್ದಳು. ಎಡಗಣ್ಣಿಗೂ ಪೊರೆ ಶುರುವಾಗಿತ್ತು, "ಒಂದು ನೆಟ್ಟಗಿದ್ರೆ ಸಾಕು" ಎಂದು ಸುಮ್ಮನಿದ್ದಳು. ಈ ಬೇಸಿಗೆಯಲ್ಲಿ ಆ ಬಲಗಣ್ಣೇ ಮಂಜಾಯಿತು. ಒಂದೇ ದಿನ ಏಳು ಉಂಡೆಗೆ ಏಟು ಬಿತ್ತು.

ತೋಟದ ಯಜಮಾನ ಬಸವಕುಮಾರ್ ಮೆಲ್ಲಗೆ ಹೇಳಿದ: "ವಯಸ್ಸಾಯ್ತು ಚಿತ್ತಮ್ಮ. ಇನ್ಮೇಲೆ ಕಾಯಿ ಸುಲಿದ ಮಟ್ಟೆ ಜೋಡಿಸೋ ಕೆಲಸ ನೋಡ್ಕಳಿ."

"ಕೈಗೆ ವಯಸ್ಸಾಗಿಲ್ಲ ಯಜಮಾನ್ರೆ, ಕಣ್ಣಲ್ಲಿ ಏನೋ ಆಗೈತೆ. ತೋರಿಸ್ಕಂಡು ಬತ್ತೀನಿ. ಅಲ್ಲೀಗಂಟ ನನ್ನ ಜಾಗದಲ್ಲಿ ಯಾರನ್ನೂ ಕೂರಿಸಬ್ಯಾಡಿ."

ಪಕ್ಕದ ಮನೆಯ ಮಾರಯ್ಯನದೂ ಆಪರೇಷನ್ ಆದ ಕಣ್ಣು. ಅದು ಮಂಜಾಗಿ ವರ್ಷವಾದರೂ ಆತ ಜಗಲಿ ಬಿಟ್ಟು ಇಳಿದಿರಲಿಲ್ಲ. "ಲೆನ್ಸ್ ಕೆಟ್ಟೋಗೈತೆ ಕಣಮ್ಮ. ಮೈಗೆ ಒಗ್ಗದ ವಸ್ತು ಅದು. ಮತ್ತೆ ಮುಟ್ಟಿಸಿದ್ರೆ ಇರೋ ಬೆಳಕೂ ಹೋಯ್ತದೆ" ಎಂದ.

"ಕೆಟ್ಟಿದ್ರೆ ಡಾಕ್ಟ್ರೇ ಹೇಳ್ಲಿ ಬುಡು ಮಾರಣ್ಣ" ಎಂದು ಚಿತ್ತಮ್ಮ ಮರುದಿನವೇ ತಿಪಟೂರಿನ ಬಸ್ಸು ಹತ್ತಿದಳು.

ಕಣ್ಣಿನ ಡಾಕ್ಟರ್ ಶಶಿರೇಖಾ ಹನಿ ಹಾಕಿ, ಯಂತ್ರದಲ್ಲಿ ಬಹಳ ಹೊತ್ತು ನೋಡಿದರು.

"ಲೆನ್ಸ್ ಚೆನ್ನಾಗಿದೆಯಮ್ಮ. ಅದನ್ನ ಕೂರಿಸಿರೋದು ನಿಮ್ಮ ಕಣ್ಣಿನದೇ ಒಂದು ತೆಳು ಚೀಲದೊಳಗೆ. ಪೊರೆ ತೆಗೆದಾಗ ಅಲ್ಲಿ ಉಳಿದ ಒಂದಷ್ಟು ಜೀವಕೋಶ ಬೆಳೀತಾ ಬೆಳೀತಾ ಲೆನ್ಸಿನ ಹಿಂಭಾಗದ ಪದರಕ್ಕೆ ಹಬ್ಬಿವೆ. ಅದಕ್ಕೇ ಮಂಜು."

"ಹಂಗಾದ್ರೆ ನನ್ನ ಕಣ್ಣಿಗೆ ಲೆನ್ಸ್ ಕಂಡ್ರೆ ಆಗಲ್ವಾ?"

ಡಾಕ್ಟರ್ ನಕ್ಕರು. "ಹಂಗೇನಿಲ್ಲ. ಗಾಯ ಆದ ಕಡೆ ಮೈ ಚರ್ಮ ಬೆಳೆಸಲ್ವೇ, ಹಾಗೇನೇ. ಬಹಳ ಜನಕ್ಕೆ ಆಗುತ್ತೆ. ಲೆನ್ಸ್ ಮುಟ್ಟೋದು ಬೇಡ. ಹಿಂದಿನ ಪದರದಲ್ಲಿ ಲೇಸರಿನಿಂದ ಒಂದು ಚಿಕ್ಕ ಕಿಂಡಿ ಮಾಡಿದ್ರೆ ಬೆಳಕು ನೇರ ಒಳಗೆ ಹೋಗುತ್ತೆ."

ಕತ್ತಿ ಇಲ್ಲ, ಪಟ್ಟಿ ಇಲ್ಲ. ಚಿತ್ತಮ್ಮ ಯಂತ್ರದ ಮೇಲೆ ಗದ್ದ ಊರಿ ಕೂತಳು. ಟಿಕ್ ಟಿಕ್ ಸದ್ದು, ಕೆಂಪು ಚುಕ್ಕಿ, ಐದು ನಿಮಿಷದಲ್ಲಿ ಮುಗಿಯಿತು. ಕಣ್ಣ ಮುಂದೆ ನೊಣ ಹಾರಿದಂತೆ ನಾಲ್ಕು ದಿನ ಕಾಣಬಹುದು, ಮಿಂಚು ಹೊಡೆದಂತಾದರೆ ತಡಮಾಡದೆ ಬರಬೇಕು ಎಂದು ಹೇಳಿ ಕಳಿಸಿದರು. ನೊಣ ಹಾರಿದ್ದು ನಿಜ, ಮಿಂಚೇನೂ ಬರಲಿಲ್ಲ. ಎರಡನೇ ದಿನ ಬೆಳಗ್ಗೆ ತೆಂಗಿನ ಗರಿಗಳು ಒಂದೊಂದಾಗಿ ಬಿಡಿಬಿಡಿಯಾಗಿ ಕಂಡವು. ಚಿತ್ತಮ್ಮ ಅಂಗಳದಲ್ಲಿ ನಿಂತು ಕತ್ತು ನೋಯುವವರೆಗೂ ನೋಡಿದಳು.

ವಾರ ಕಳೆದು ಮಚ್ಚು ಹಿಡಿದು ಕೂತಳು. ಸಂಜೆ ಬಸವಕುಮಾರ್ ರಾಶಿ ಕೆದಕಿದ. ಒಂದಕ್ಕೂ ಗಾಯವಿರಲಿಲ್ಲ. ಆತ ಇನ್ನೊಂದು ಕುಕ್ಕೆ ಕಾಯಿ ತಂದು ಆಕೆಯ ಮುಂದೆ ಸುರಿದ.

ಮಾರಯ್ಯನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದವಳೂ ಆಕೆಯೇ. ಆತನದೂ ಅದೇ ತೊಂದರೆ, ಅದೇ ಐದು ನಿಮಿಷ. ಆತ ಒಳಗಿರುವಾಗ ಚಿತ್ತಮ್ಮ ತನ್ನ ಎಡಗಣ್ಣು ತೋರಿಸಿ, "ಇದಕ್ಕೂ ಲೆನ್ಸ್ ಹಾಕೋಕೆ ದಿನ ಕೊಡಿ" ಎಂದು ನರ್ಸನ್ನು ಕೇಳಿದಳು.

"ಇದಕ್ಕೂ ಮುಂದೆ ಹಾಗೇ ಮಂಜು ಬರಬಹುದಮ್ಮ" ಎಂದಳು ನರ್ಸ್.

"ಬರ್ಲಿ ಕಣವ್ವ. ಅದಕ್ಕೇನ್ ಮಾಡ್ಬೇಕು ಅಂತ ಈಗ ಗೊತ್ತಲ್ಲ."