ಕಾಣಿಕೆ ತಟ್ಟೆಗೆ ಸುರಿದ ಹಿಡಿ ಅಕ್ಕಿ

ಕಾಣಿಕೆ ತಟ್ಟೆ ನನ್ನ ಮುಂದೆ ಬಂದಾಗ, ಬಟ್ಟೆ ಚೀಲ ಬಿಚ್ಚಿ ಅದರಲ್ಲಿದ್ದ ಅಕ್ಕಿಯನ್ನೆಲ್ಲ ಸುರಿದುಬಿಟ್ಟೆ. ಡಾಲರ್ ನೋಟುಗಳು ಮುಚ್ಚಿಹೋದವು. ತಟ್ಟೆ ಹಿಡಿದಿದ್ದ ಅಮೆರಿಕನ್ ಹಿರಿಯರು ಹೌಹಾರಿದರು.

"ಮಾನ ಕಳೀತೀಯಲ್ಲೇ! ಇದು ಮೈಸೂರಲ್ಲ, ವಾಪಸ್ ತಗೋ," ಎಂದು ಪಕ್ಕದಲ್ಲಿದ್ದ ನನ್ನ ಗಂಡ ಪಿಸುಗುಟ್ಟಿದರು.

ಎಂಬತ್ತರ ದಶಕದ ಮಾತು. ಫ್ರೀಮಾಂಟ್‌ನಲ್ಲಿ ಆಗತಾನೇ ಶುರುವಾಗಿದ್ದ ಪುಟ್ಟ ಕ್ರೈಸ್ತ ಸಭೆಯ ಸೇವೆಗೆಂದು ನಾವು ಕ್ಯಾಂಪ್‌ಬೆಲ್ ಊರಿನ ಮನೆ ಖಾಲಿ ಮಾಡಿ ಬಂದಿದ್ದೆವು. ಶಾಲೆಯೊಂದರ ಊಟದ ಹಾಲ್‌ನಲ್ಲಿ ಅಂದು ನಮ್ಮ ಮೊದಲ ಆರಾಧನೆ. ಮೈಸೂರಿನ ನಮ್ಮ ಸಭೆಯಲ್ಲಿ ಹೆಂಗಸರು ಅನ್ನಕ್ಕಿಡುವಾಗಲೆಲ್ಲ ದೇವರಿಗೆಂದು ಒಂದು ಹಿಡಿ ಅಕ್ಕಿ ತೆಗೆದಿಟ್ಟು, ಭಾನುವಾರ ತಂದು ಒಪ್ಪಿಸುತ್ತಾರೆ. ಕ್ಯಾಂಪ್‌ಬೆಲ್‌ನ ದೊಡ್ಡ ಚರ್ಚಿನಲ್ಲಿ ಜನ ನಕ್ಕಾರೆಂದು ನಾನು ಅದನ್ನು ಬಿಟ್ಟಿದ್ದೆ. ಹೊಸ ಸಭೆಯಲ್ಲೂ ಹೆದರಿಕೊಂಡೇ ಕೂರಬೇಕೆ?

"ಕೊಟ್ಟಿದ್ದು ದೇವ್ರಿಗೆ ರೀ, ವಾಪಸ್ ತಗೊಳ್ಳಲ್ಲ. ತಟ್ಟೆ ಸಾಲ್ದಿದ್ರೆ ದೊಡ್ಡದು ತರ್ಲಿ," ಎಂದೆ, ಎಲ್ಲರಿಗೂ ಕೇಳುವ ಹಾಗೆ.

ಆರಾಧನೆ ಮುಗಿದ ಮೇಲೆ ಆ ಹಿರಿಯರೇ ಬಂದು ವಿಚಾರಿಸಿದರು. ನನಗೆ ಬರುವಷ್ಟು ಇಂಗ್ಲಿಷಿನಲ್ಲಿ, ತಲೆ ತಗ್ಗಿಸದೆ, ನಮ್ಮ ಹಿಡಿ ಅಕ್ಕಿಯ ಪದ್ಧತಿ ಹೇಳಿದೆ. ಅವರು ಅಕ್ಕಿ ತುಂಬಿದ ತಟ್ಟೆ ಎತ್ತಿಕೊಂಡು ಹೊರಟುಹೋದರು. ಮುಂದಿನ ಭಾನುವಾರ ಮಾತ್ರ ಕಾಣಿಕೆ ತಟ್ಟೆಯ ಹಿಂದೆಯೇ ಅಗಲವಾದೊಂದು ಸ್ಟೀಲ್ ಬೋಗುಣಿಯೂ ಸಾಲಿನಿಂದ ಸಾಲಿಗೆ ಬಂತು.

ಹೊಸ ಸಭೆಗೆ ಸೇವೆಗೆ ಹೋಗುವವರು ತಮ್ಮದನ್ನೆಲ್ಲ ಬಾಗಿಲಾಚೆ ಬಿಟ್ಟು ಒಳಗೆ ಹೋಗಬೇಕೆಂದು ಈಗಲೂ ಕೆಲವರು ನನಗೆ ಬುದ್ಧಿ ಹೇಳುತ್ತಾರೆ. ನಾನು ಕೇಳುವವಳಲ್ಲ. ನನ್ನ ಅಕ್ಕಿಗೆ ದೇವರೇ ನಾಚಿಕೊಳ್ಳಲಿಲ್ಲ, ನಾನೇಕೆ ನಾಚಲಿ?