ಓಬಳಪ್ಪನವರ ಮುಂದಿನ ಹಲ್ಲುಗಳು

ಓಬಳಪ್ಪನವರ ತುಟಿಗಳ ಮೇಲೆ ಉಂಗುರ ಒತ್ತಿದಂಥ ದುಂಡನೆಯ ಗುರುತಿತ್ತು. ಹರೆಯದಿಂದಲೂ ಮದುವೆ ಬ್ಯಾಂಡಿನಲ್ಲಿ ಟ್ರಂಪೆಟ್ ಊದಿ ಊದಿ ಬಿದ್ದ ಗುರುತು. ಹಿರಿಯೂರಿನ ನನ್ನ ದಂತ ಚಿಕಿತ್ಸಾಲಯಕ್ಕೆ ಅವರು ಮೊದಲ ಸಲ ಬಂದಾಗ ಮೇಲಿನ ಎರಡು ಮುಂದಿನ ಹಲ್ಲು ಅಲುಗಾಡುತ್ತಿದ್ದವು. ಕೀಳಬೇಕು ಎಂದೆ.

“ಬ್ಯಾಡ್ರಿ ಡಾಕ್ಟ್ರೇ. ಟ್ರಂಪೆಟ್ ನಿಂತಿರೋದೇ ಇವುಗಳ ಮ್ಯಾಲೆ.”

ಅವರ ಬ್ಯಾಂಡು ಚದುರಿ ಬಹಳ ಕಾಲವಾಗಿತ್ತು. ಮದುವೆಗಳಿಗೆ ಡಿಜೆ ಬಂದಿತ್ತು. ಜೊತೆಗಾರರಲ್ಲಿ ಕೆಲವರು ತೀರಿಕೊಂಡಿದ್ದರು, ಉಳಿದವರು ವಾದ್ಯ ಮಾರಿ ಬೇರೆ ಕೆಲಸ ಹಿಡಿದಿದ್ದರು. ಹೆಂಡತಿಯೂ ಹೋದ ಮೇಲೆ ಜವನಗೊಂಡನಹಳ್ಳಿಯ ಮನೆಯಲ್ಲಿ ಅವರೊಬ್ಬರೇ. ಮತ್ತೆ ಯಾರ ಜೊತೆ ಊದುತ್ತೀರಿ ಎಂದು ಕೇಳಿದೆ. ಜೇಬಿನಿಂದ ಮೊಬೈಲ್ ತೆಗೆದರು. ಸುಮ್ಮನೆ ಟ್ರಂಪೆಟ್ ಎಂದು ಹುಡುಕುತ್ತಿದ್ದಾಗ ಅಮೆರಿಕದ ಹಳೆಯ ಜಾಝ್ ಆಲ್ಬಮ್ ಒಂದು ಸಿಕ್ಕಿತ್ತಂತೆ. ಟ್ರಂಪೆಟ್ ಊದುವವನೇ ನಾಯಕ; ಜೊತೆಗೆ ಸ್ಯಾಕ್ಸೊಫೋನ್, ಪಿಯಾನೊ, ಬಾಸ್, ಡ್ರಮ್. ಪರದೆಯ ಮೇಲೆ ಆ ಜಾಝ್ ಶೈಲಿಯ ಹೆಸರು ‘ಹಾರ್ಡ್ ಬಾಪ್’ ಎಂದಿತ್ತು. ಓಬಳಪ್ಪನವರ ಬಾಯಲ್ಲಿ ಅದು ‘ನಮ್ಮ ಐದು ಜನ’.

“ಕೇಳ್ರಿ. ಮೊದ್ಲು ಎಲ್ರೂ ಕೂಡಿ ಹೇಳ್ತಾರೆ, ಆಮ್ಯಾಲೆ ಒಬ್ಬೊಬ್ರೇ. ಈ ಯಜಮಾನ ಅಷ್ಟು ಜೋರಾಗಿ ಊದ್ತಾನಲ್ಲ, ಇನ್ನೊಬ್ರ ಸರದಿ ಬಂದ್ರೆ ಬಾಯಿ ಹಾಕಲ್ಲ. ನಮ್ ಬ್ಯಾಂಡ್‌ನಾಗೆ ನಾನು ಯಾರ್ಗೂ ಬಿಡ್ತಿರ್ಲಿಲ್ಲ.”

ನಾನು ಕೀಳಲಿಲ್ಲ. ಪಕ್ಕದ ಗಟ್ಟಿ ಹಲ್ಲುಗಳಿಗೆ ಸೇರಿಸಿ ತಂತಿ ಕಟ್ಟಿದೆ. ಬಹಳ ದಿನ ನಿಲ್ಲುವುದಿಲ್ಲ ಎಂದು ಹೇಳಿಯೇ ಕಟ್ಟಿದೆ. “ನಿಂತಷ್ಟು ನಿಲ್ಲಲಿ. ಭಾನುವಾರ ಮನೆಗೆ ಬರ್ರಿ, ಕೇಳಿಸ್ತೀನಿ,” ಎಂದರು.

ಹೋದೆ. ಸದ್ದು ಜೋರಾಗಲೆಂದು ಸ್ಟೀಲ್ ಚೊಂಬಿನೊಳಗೆ ಮೊಬೈಲ್ ಇಳಿಸಿ, ಆ ಸದ್ದಿನ ಜೊತೆ ಊದತೊಡಗಿದರು. ಸ್ಯಾಕ್ಸೊಫೋನ್ ಬಂದಾಗ ಟ್ರಂಪೆಟ್ ಇಳಿಸಿ ತಲೆದೂಗಿದರು. ಮತ್ತೆ ಎತ್ತಿಕೊಂಡು ತಮ್ಮದೇನೋ ಹೊಸದನ್ನು ಶುರುಮಾಡಿದಾಗ, ಚೊಂಬಿನೊಳಗಿನವರು ತಮ್ಮ ಪಾಡಿಗೆ ಮುಂದೆ ಹೋಗಿಬಿಟ್ಟರು. ಓಬಳಪ್ಪನವರು ನಿಲ್ಲಿಸಿದರು.

“ಅವ್ರು ಹೇಳಿದ್ದು ನಂಗೆ ಕೇಳ್ತೈತೆ. ನಾನ್ ಹೇಳಿದ್ದು ಅವ್ರಿಗೆ ಕೇಳಲ್ಲ.” ಮೊಬೈಲ್ ಆರಿಸಿ ನನ್ನತ್ತ ತಿರುಗಿದರು. “ನೀವೇನಾರ ಅನ್ರಿ ಡಾಕ್ಟ್ರೇ.”

“ನಂಗೆ ಹಾಡಕ್ಕೆ ಬರಲ್ಲ.”

“ಬರ್ದಿದ್ರೂ ಆತು.”

ಸಣ್ಣದೊಂದು ಎಳೆ ಊದಿ ಕಾದರು. ಅಜ್ಜಿ ರಾಗಿ ಬೀಸುವಾಗ ಹೇಳುತ್ತಿದ್ದ ಪದದ ರಾಗವನ್ನು ಗುನುಗಿದೆ. ದನಿ ಒಡೆಯಿತು. ಅವರು ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿ, ನಾನು ಬಿಟ್ಟ ಕಡೆಯಿಂದಲೇ ಎತ್ತಿಕೊಂಡರು. ಮತ್ತೆ ನನ್ನ ಸರದಿ, ಮತ್ತೆ ಅವರದು. ಒಂಟಿಯಾಗಿ ಬದುಕುವವಳು ನಾನು. ನನ್ನ ಮಾತನ್ನು ಅಷ್ಟು ಹೊತ್ತು ಯಾರೂ ಕೇಳಿಸಿಕೊಂಡಿರಲಿಲ್ಲ.

ಬೇಸಿಗೆಯಲ್ಲಿ ಹಲ್ಲುಗಳು ಬಿದ್ದವು. ಹೊಸ ಹಲ್ಲು ಕಟ್ಟಿಸಿಕೊಟ್ಟೆ. ಅಳತೆ ಸರಿಯಾಗಿದೆಯೇ ಎಂದು ತೋರಿಸಲು ಬಂದಾಗ, ಊದಿ ನೋಡಿದ್ರಾ ಎಂದು ಕೇಳಿದೆ.

“ನೋಡ್ದೆ. ಗಾಳಿ ಬತ್ತೈತೆ, ಸ್ವರ ಬರಲ್ಲ.” ನನ್ನ ಮುಖ ನೋಡಿ ತಾವೇ ಸಮಾಧಾನ ಹೇಳಿದರು. “ನೀವು ಬ್ಯಾಸರ ಮಾಡ್ಕಬ್ಯಾಡ್ರಿ. ರೊಟ್ಟಿ ಚೆನ್ನಾಗಿ ತಿಂತಿದೀನಿ.”

ಅದೇ ಕೊನೆಯ ಭೇಟಿ. ಮಳೆಗಾಲ ಮುಗಿಯುವ ಹೊತ್ತಿಗೆ ಅವರ ಪಕ್ಕದ ಮನೆಯ ಹೆಂಗಸು ಹಲ್ಲು ಕೀಳಿಸಿಕೊಳ್ಳಲು ಬಂದರು. ನಿಮ್ಮ ಓಬಳಪ್ಪನವರು ಹೇಗಿದ್ದಾರೆ ಎಂದೆ. ತೀರಿಕೊಂಡು ತಿಂಗಳಾಯಿತು ಎಂದರು. ನಾನು ಕೈಯಲ್ಲಿದ್ದ ಇಕ್ಕಳ ಕೆಳಗಿಟ್ಟದ್ದನ್ನು ಕಂಡು, “ನಿಮ್ಗೆ ಸಂಬಂಧ ಆಗ್ಬೇಕಿತ್ತಾ?” ಎಂದು ಕೇಳಿದರು.

“ಇಲ್ಲ,” ಎಂದೆ. ಕೈ ತೊಳೆಯಲು ಹೋದವಳು ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ಅಲ್ಲೇ ನಿಂತಿದ್ದೆ.